ನಡುನಡೆಯಲ್ಲಿ ನಿಂತವಳು

ಹೊಳೆಯ ನಟ್ಟನಡುವೆ ನನ್ನ ಹೆಂಡತಿ ನಿಂತುಬಿಟ್ಟಳು.

ಕಲ್ಲು ಎಡವಿ ನಿಂತದ್ದಲ್ಲ, ಆಯಾಸಕ್ಕೆ ನಿಂತದ್ದೂ ಅಲ್ಲ. ಬಲಗಾಲನ್ನು ಮುಂದಿಟ್ಟವಳು ಎಡಗಾಲನ್ನು ಎತ್ತುವುದನ್ನೇ ಮರೆತವಳಂತೆ ನಿಂತಳು. ಅವಳ ಮುಂದಿದ್ದವರು ನಿಂತಿದ್ದರು, ಹಿಂದಿದ್ದವರೂ ನಿಂತಿದ್ದರು. ಮೇಲಣ ತಿರುವಿನಲ್ಲಿ ತಡೆದು ನಿಂತ ನೀರು ಗೋಡೆಯಂತೆ ಎದ್ದು, ಅಲ್ಲಿನ ಆನೆಬಂಡೆಯ ಭುಜವನ್ನು ದಾಟಿ ಅದರ ನೆತ್ತಿಯ ಕಡೆಗೆ ಏರುತ್ತಿತ್ತು. ನಾನು ದಡದ ವಾದ್ಯಕಟ್ಟೆಯ ಮೇಲೆ ಮೊಣಕಾಲುಗಳ ನಡುವೆ ಚೆಲ್ಲೊ ಎಂಬ ಆಳುದ್ದದ ತಂತಿವಾದ್ಯ ಹಿಡಿದು ಕುಳಿತಿದ್ದೆ. ನನ್ನ ಕಮಾನು ನಿಂತರೆ ಆ ನೀರು ಬರುತ್ತದೆ. ಕಮಾನು ಆಡುತ್ತಲೇ ಇದ್ದರೂ ಜನ ಹೀಗೆ ನಿಂತೇ ಇದ್ದರೆ, ಬಂಡೆಯ ನೆತ್ತಿ ಮುಳುಗಿದ ಕ್ಷಣಕ್ಕೆ ಅದು ಬಂದೇ ಬರುತ್ತದೆ.

ನಮ್ಮ ಊರನ್ನು ಹೊಳೆ ಎರಡಾಗಿ ಸೀಳಿದೆ. ಈಚೆ ದಡದಲ್ಲಿ ಪೇಟೆ, ಛಾಪಖಾನೆ, ಚರ್ಚು. ಆಚೆ ದಡದಲ್ಲಿ ಶಾಲೆ, ಆಸ್ಪತ್ರೆ, ಹಂಚಿನ ಕಾರ್ಖಾನೆ. ಸೇತುವೆ ನಿಲ್ಲದ, ದೋಣಿ ತಾಳದ ನೀರು ಅದು. ವರ್ಷಕ್ಕೊಮ್ಮೆ, ಮಳೆಗಾಲ ಕಳೆದ ಮೇಲಿನ ಮೊದಲ ತಿಳಿ ಬೆಳಗಿನಲ್ಲಿ ನಾವು ದಡದ ಮೇಲೆ ಕುಳಿತು ಕನ್ಚೆರ್ಟೊ ನುಡಿಸುತ್ತೇವೆ, ಹೊಳೆ ದಾರಿ ಬಿಡುತ್ತದೆ, ಜನ ದಾಟುತ್ತಾರೆ. ಓದಿಕೊಂಡವರು ಅದನ್ನು ಯುರೋಪಿನ ಬರೋಕ್ ಕಾಲದ ಪಿಟೀಲು ಕನ್ಚೆರ್ಟೊ ಎನ್ನುತ್ತಾರೆ. ಉಳಿದವರ ಬಾಯಲ್ಲಿ ಅದು 'ಮೂರು ನಡೆ'.

ಮೊದಲ ನಡೆ ಚುರುಕಿನದು. ಮೇಳವೆಲ್ಲ ಒಟ್ಟಾಗಿ ಒಂದು ಗಟ್ಟಿ ಧಾಟಿಯನ್ನು ಹಿಡಿಯುತ್ತದೆ; ಒಂಟಿ ಪಿಟೀಲು ಅದರಿಂದ ತಪ್ಪಿಸಿಕೊಂಡು ಓಡುತ್ತದೆ; ಮೇಳ ಮತ್ತೆ ಅದೇ ಧಾಟಿಯೊಂದಿಗೆ, ಬೇರೊಂದು ಸ್ವರದ ಮೇಲೆ ನಿಂತು, ಅದನ್ನು ಅಡ್ಡಗಟ್ಟುತ್ತದೆ. ಧಾಟಿ ಮರಳಿದಾಗಲೆಲ್ಲ ನೀರು ಒಂದು ಮೆಟ್ಟಿಲು ತಗ್ಗುತ್ತದೆ. ನಡುನಡೆ ನಿಧಾನದ್ದು. ಆಗ ಮೇಳ ಕಮಾನುಗಳನ್ನು ತೊಡೆಯ ಮೇಲಿಟ್ಟು ಸುಮ್ಮನಾಗುತ್ತದೆ. ಉಳಿಯುವುದು ಪಿಟೀಲು, ಮನೆಗಳನ್ನೊತ್ತಿ ನುಡಿಸುವ ತಂತಿಪೆಟ್ಟಿಗೆ, ನನ್ನ ಚೆಲ್ಲೊ. ನನ್ನ ಪಾಲಿಗೆ ಬಂದದ್ದು ಕೆಳಗಿಳಿಯುವ ಸ್ವರಗಳ ಒಂದು ಸಣ್ಣ ಸಾಲು. ಮುಗಿದೊಡನೆ ಮತ್ತೆ ಮೊದಲಿನಿಂದ, ಮತ್ತೆ ಮೊದಲಿನಿಂದ. ಆ ಸಾಲು ತಿರುಗುತ್ತಿರುವಷ್ಟು ಹೊತ್ತು ಹೊಳೆ ಉಸಿರು ಹಿಡಿದು ನಿಲ್ಲುತ್ತದೆ. ಕೊನೆಯ ನಡೆ ಕುಣಿತದ್ದು. ಅದರಲ್ಲಿ ನೀರು ಮರಳುತ್ತದೆ: ಮೇಳ ಹೊಕ್ಕಾಗ ನುಗ್ಗುತ್ತದೆ, ಪಿಟೀಲು ಒಂಟಿಯಾದಾಗ ತಡೆದು ನಿಲ್ಲುತ್ತದೆ, ಮತ್ತೆ ನುಗ್ಗುತ್ತದೆ.

ಜನ ಇದಕ್ಕೆ ಒಗ್ಗಿಹೋಗಿದ್ದಾರೆ. ಮದುವೆಯ ಮಾತು ಆಡುವಾಗ ಜಾತಕದ ಮೊದಲು ದಡ ಯಾವುದೆಂದು ಕೇಳುತ್ತಾರೆ. ಜಗಳವಾಡಿದ ಅಣ್ಣತಮ್ಮಂದಿರು ಆಚೆಗೊಬ್ಬ ಈಚೆಗೊಬ್ಬ ಹಂಚಿಕೊಂಡು, ದಾಟಿನ ದಿನ ಎದುರಾದಾಗ ಮುಖ ತಿರುಗಿಸಲು ಮುಂಚಿತವಾಗಿಯೇ ತಯಾರಾಗಿ ಬರುತ್ತಾರೆ. ಗುಂಡಿ ಕೊಳ್ಳಲು ಈಚೆ ಬಂದ ದರ್ಜಿಯೊಬ್ಬ ಮಾತಿಗೆ ನಿಂತು ದಾಟು ತಪ್ಪಿಸಿಕೊಂಡ, ವರ್ಷವಿಡೀ ಬೀಗರ ಮನೆಯಲ್ಲಿ ಉಂಡ, ಮರುವರ್ಷ ಹೋಗುವಾಗ ಗುಂಡಿಯನ್ನೇ ಮರೆತು ಹೋದ.

ವಾದ್ಯಕಟ್ಟೆಯ ಮೇಲೆ ಕುಳಿತವರಿಗೆ ಮಾತ್ರ ಆಚೆ ದಡವೆಂಬುದಿಲ್ಲ. ನೀರು ನಿಂತಾಗ ನಮ್ಮ ಕೈಯಲ್ಲಿ ವಾದ್ಯವಿರುತ್ತದೆ. ವಾದ್ಯ ಕೆಳಗಿಟ್ಟಾಗ ನೀರು ಬಂದಿರುತ್ತದೆ. ನನ್ನ ಹೆಂಡತಿ ಕೃಪಾವತಿ ಮದುವೆಗೆ ಮೊದಲಿನಿಂದಲೂ ಊರಿನ ಒಂಟಿ ಪಿಟೀಲು. ಅವಳ ಸ್ವಂತ ಅಕ್ಕ ಆಚೆ ದಡದ ಶಾಲೆಯ ಮುಖ್ಯೋಪಾಧ್ಯಾಯಿನಿ. ಆ ಅಕ್ಕನ ಅಂಗಳವನ್ನು ಕೃಪಾ ಒಮ್ಮೆಯೂ ಕಂಡವಳಲ್ಲ.

ಆ ವರ್ಷ ಮಳೆ ಇನ್ನೂ ಹನಿಯುತ್ತಿರುವಾಗಲೇ ಪೌಲಪ್ಪ ಮಾಸ್ತರರು ನಮ್ಮ ಮನೆಗೆ ಬಂದರು. ತಂತಿಪೆಟ್ಟಿಗೆ ನುಡಿಸುವವರು ಅವರೇ, ಮೇಳದ ಯಜಮಾನರೂ ಅವರೇ. ಕಾಫಿಯ ಲೋಟವನ್ನು ಕೈಯಲ್ಲಿ ತಿರುಗಿಸುತ್ತಾ ಬಹಳ ಹೊತ್ತು ಹವೆಯ ಮಾತಾಡಿದರು.

"ಕೃಪಾವತಿಯವರೇ, ನೀವು ನುಡಿಸೋದ್ರಲ್ಲಿ ತಪ್ಪು ಇಲ್ಲ."

"ತಪ್ಪಿಲ್ಲದ್ದೇ ಈಗ ತಪ್ಪಾಯ್ತಾ ಮಾಸ್ತರೇ?"

"ಹಾಗಲ್ಲಮ್ಮ. ಊರಿನ ಕಿವಿಗೂ ಹಸಿವು ಅಂತ ಒಂದು ಇರ್ತದಲ್ಲ. ನಡುನಡೆಯಲ್ಲಿ ಅದೇ ಬೋಳು ಧಾಟಿ. ನಡೆದ ಹಾಗೆ, ನೆಲ ಗುಡಿಸಿದ ಹಾಗೆ. ಆ ಛಾಪಖಾನೆ ಲೂಕಪ್ಪನ ಮಗಳು ತಬಿತಾ ಕಿಟಕಿಯಲ್ಲಿ ನಿಂತು ನುಡಿಸೋದು ಕೇಳಿದ್ದೀರಲ್ಲ? ಒಂದು ಸ್ವರ ಇರುವಲ್ಲಿ ಒಂದು ತೋಟವನ್ನೇ ಎಬ್ಬಿಸ್ತಾಳೆ. ಬೀದಿಯಲ್ಲಿ ಹೋಗುವವರು ಹೋಗೋದೇ ಇಲ್ಲ."

"ನಡುನಡೆ ಬೋಳಾಗಿಯೇ ಇರಬೇಕು. ನನಗೆ ಕಲಿಸಿದವರು ಹಾಗೇ ಹೇಳಿದ್ದು."

"ಯಾಕೆ ಅಂತ ಹೇಳಿದ್ರಾ?"

"ಇಲ್ಲ."

"ಕಂಡ್ರಾ!" ಎಂದು ಮಾಸ್ತರರು ಲೋಟವನ್ನು ಕೆಳಗಿಟ್ಟರು. ಕಾಫಿ ಹಾಗೆಯೇ ಇತ್ತು.

ಅದೊಂದು ಪ್ರಶ್ನೆಯನ್ನು ಪರೀಕ್ಷಿಸಿ ನೋಡಲು ನಮ್ಮಲ್ಲಿ ದಾರಿಯೂ ಇರಲಿಲ್ಲ. ಮೊದಲ ಮತ್ತು ಕೊನೆಯ ನಡೆಗಳನ್ನು ಚರ್ಚಿನ ಹಜಾರದಲ್ಲಿ ಕಿಟಕಿ ಮುಚ್ಚಿ ಒಟ್ಟಿಗೆ ಅಭ್ಯಾಸ ಮಾಡುತ್ತೇವೆ. ನಡುನಡೆಗೆ ಆ ರಿಯಾಯಿತಿ ಇಲ್ಲ. ಪಿಟೀಲೂ ಚೆಲ್ಲೊವೂ ಎಲ್ಲಿ ಕೂಡಿದರೂ ಹೊಳೆಗೆ ತಿಳಿದುಬಿಡುತ್ತದೆ. ಆದ್ದರಿಂದ ಅವರವರ ಮನೆಯಲ್ಲಿ ಅವರವರ ಪಾಲನ್ನು ಒಬ್ಬೊಬ್ಬರೇ ನುಡಿಸಿಕೊಂಡು, ದಾಟಿನ ದಿನವೇ ಮೊದಲ ಬಾರಿಗೆ ಜೊತೆಯಾಗುತ್ತೇವೆ. ಕೃಪಾಳೊಂದಿಗೆ ಅದರಿಂದ ಎಂದೂ ತೊಂದರೆಯಾಗಿರಲಿಲ್ಲ. ಅವಳ ಧಾಟಿ ನನಗೆ ಅವಳ ಹೆಜ್ಜೆಯ ಸದ್ದಿನಷ್ಟೇ ಪರಿಚಿತವಾಗಿತ್ತು.

ಮಾಸ್ತರರು ಹೋದ ಮೇಲೆ ಕೃಪಾ ಅಟ್ಟದಿಂದ ಕಬ್ಬಿಣದ ಪೆಟ್ಟಿಗೆಯನ್ನು ಇಳಿಸಿದಳು.

"ಅಕ್ಕ ಕಳೆದ ದಾಟಿನಲ್ಲೇ ಹೇಳಿಕಳಿಸಿದ್ಲು, ಶಾಲೆಯಲ್ಲಿ ಮಕ್ಕಳಿಗೆ ಪಿಟೀಲು ಕಲಿಸೋಕೆ ಜನ ಬೇಕು ಅಂತ. ಈ ಸಲ ನನ್ನ ಕೈ ಖಾಲಿ. ದಾಟ್ತೇನೆ."

"ಮುಂದಿನ ವರ್ಷ ಬರ್ತೀಯಲ್ಲ?"

"ನೀವೂ ಬನ್ನಿ."

"ನಾನು ಹೇಗೆ ಬರಲಿ? ಚೆಲ್ಲೊ ಯಾರು ಹಿಡೀಬೇಕು?"

"ಯಾರಿಗಾದ್ರೂ ಕಲಿಸಿ ಅಂತ ಹೇಳಿ ಹೇಳಿ ಸಾಕಾಯ್ತು ನನಗೆ. ಆ ಸಾಲಲ್ಲಿ ಇರೋದಾದ್ರೂ ಎಷ್ಟು ಸ್ವರ?"

"ಸ್ವರ ಕಮ್ಮಿ. ಭಾರ ಜಾಸ್ತಿ."

"ಭಾರವಂತೆ! ಕೂತು ಕೂತು ಬೇರು ಬಿಟ್ಟಿದ್ದೀರಿ, ಅಷ್ಟೇ."

ಬರುವುದರ ಬಗ್ಗೆ ಅವಳು ಉತ್ತರ ಕೊಡಲಿಲ್ಲ. ಚಳಿಗಾಲದ ಬಟ್ಟೆಗಳನ್ನು ಮಡಚಿ ಪೆಟ್ಟಿಗೆಗೆ ಹಾಕಿದಳು. ಅವುಗಳ ಮೇಲೆ ಬೇಸಿಗೆಯ ಬಟ್ಟೆಗಳನ್ನೂ ಹಾಕಿದಳು. ಮದುವೆಯ ರೇಷ್ಮೆಯನ್ನೂ ಹಾಕಿದಳು. ನನಗೆ ಉತ್ತರ ಸಿಕ್ಕಿತು.

ದಾಟಿನ ಬೆಳಗು ತಿಳಿಯಾಗಿಯೇ ಬಂತು. ದಡದ ಮೇಲೆ ಮೂಟೆ, ಮೇಕೆ, ತೊಟ್ಟಿಲು, ಬೀಗಿತ್ತಿಯರ ದೊಡ್ಡ ಗಲಾಟೆ. ಒಬ್ಬರು ಕನ್ನಡಿಯಿದ್ದ ಬೀರುವನ್ನೇ ಹೊರಿಸಿಕೊಂಡು ಬಂದಿದ್ದರು. ಹೊಳೆಗಾವಲಿನ ದೂಮಣ್ಣ ಬಿಳಿ ಬಟ್ಟೆಯನ್ನು ಒಂದು ಹೆಗಲಿಗೂ ಕೆಂಪು ಬಟ್ಟೆಯನ್ನು ಇನ್ನೊಂದು ಹೆಗಲಿಗೂ ಹಾಕಿಕೊಂಡು, "ಬೀರು ಕೊನೆಗೆ, ಮಾರಾಯ್ರೇ! ಮೊದಲು ಜನ, ಆಮೇಲೆ ಬೀರು! ಅದಕ್ಕೆ ಎಂತ ಅವಸರ, ಅದೇನು ಮದುಮಗಳಾ?" ಎಂದು ಕೂಗಾಡುತ್ತಿದ್ದ. ಬಿಳಿ ಬಟ್ಟೆ ಎತ್ತಿದರೆ ಎಲ್ಲರೂ ದಾಟಿದರೆಂದು ಅರ್ಥ. ಕೆಂಪು ಎತ್ತಿದರೆ ಅಪಾಯವೆಂದು.

ತಬಿತಾ ಪಿಟೀಲನ್ನು ಶ್ರುತಿ ಮಾಡುತ್ತಿದ್ದಳು. ಸಣ್ಣ ಪ್ರಾಯದ, ತೆಳ್ಳಗಿನ ಹುಡುಗಿ, ಮುಖ ಬಿಳಿಚಿಕೊಂಡಿತ್ತು. "ಮಾಮ, ಹೆದರಿಕೆ ಆಗ್ತಾ ಉಂಟು," ಎಂದಳು ನನಗೆ ಮಾತ್ರ ಕೇಳುವಂತೆ.

"ಶುರುವಾದ ಮೇಲೆ ಹೋಗ್ತದೆ."

ಕೃಪಾ ಹಳದಿ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕಟ್ಟೆಯ ಹತ್ತಿರ ಬಂದಳು. ಅವಳ ಪೆಟ್ಟಿಗೆ ಆಗಲೇ ಹೊರೆಯಾಳುಗಳ ತಲೆಯ ಮೇಲೆ ಸಾಲಿನ ಮುಂಭಾಗದಲ್ಲಿತ್ತು. "ತಬಿತಾ, ನಡುನಡೆ ಬೋಳಾಗಿ ನುಡಿಸು ಮಗಾ," ಎಂದಳು.

"ಚಿಕ್ಕಮ್ಮ, ಮಾಸ್ತರರು ಬೇರೆ ಥರ ಹೇಳಿದ್ದಾರೆ."

"ಸರಿ. ಅವರು ಹೇಳಿದ ಹಾಗೆ ಮಾಡು." ಅವಳ ದನಿಯಲ್ಲಿ ನೋವಿತ್ತೋ ಕೊಂಕಿತ್ತೋ ನನಗೆ ತಿಳಿಯಲಿಲ್ಲ. ನನ್ನ ಕಡೆಗೆ ತಿರುಗಿ, "ಸಾರು ಒಲೆ ಮೇಲೆ ಉಂಟು. ಬಿಸಿ ಮಾಡ್ಕೊಳ್ಳಿ," ಎಂದಷ್ಟೇ ಹೇಳಿ ಸಾಲಿಗೆ ಸೇರಿದಳು.

ಮೊದಲ ನಡೆ ನಿರ್ವಿಘ್ನವಾಗಿ ಸಾಗಿತು ಎಂದರೆ ಸಾಲದು. ತಬಿತಾ ಅದನ್ನು ಬೇಟೆಯನ್ನಾಗಿ ಮಾಡಿದಳು. ಮೇಳದ ಧಾಟಿ ಮುಗಿಯುವ ಮೊದಲೇ ಅವಳ ಪಿಟೀಲು ಸಂದಿಯಿಂದ ನುಸುಳಿ ಮೇಲಕ್ಕೆ ಓಡುತ್ತಿತ್ತು. ಹೊಳೆ ಸಿಟ್ಟಿನಿಂದ ನೊರೆ ಕಾರುತ್ತಿತ್ತು. ನಾವೆಲ್ಲ ಕೂಡಿ ಅವಳನ್ನು ಹಿಡಿದಾಗ ನೀರು ಗದ್ದರಿಸಿ ಒಂದು ಮೆಟ್ಟಿಲು ಇಳಿಯುತ್ತಿತ್ತು. ಕೊನೆಯ ಬಾರಿ ಧಾಟಿ ತನ್ನ ಮೊದಲ ಸ್ವರಕ್ಕೆ ಮರಳಿದಾಗ ಹೊಳೆಯ ತಳದ ಕಲ್ಲುಗಳು ಪಾಚಿಯ ಬೆನ್ನು ತೋರಿಸಿ ಹೊರಬಂದವು. ಮೇಳ ಕಮಾನು ಇಳಿಸಿತು. ನಾನು ನನ್ನ ಸಾಲನ್ನು ಹಿಡಿದೆ. ಜನ ಇಳಿದರು.

ತಬಿತಾ ಕಣ್ಣು ಮುಚ್ಚಿಕೊಂಡು ಮೊದಲ ಸ್ವರವನ್ನು ಎಳೆದಳು. ಅದು ಕೃಪಾಳ ಸ್ವರವೇ. ಆದರೆ ಮುಂದಿನ ಸ್ವರಕ್ಕೆ ಅವಳು ನೇರವಾಗಿ ಹೋಗಲಿಲ್ಲ. ದಾರಿಯಲ್ಲಿ ಸುತ್ತಿದಳು, ಹತ್ತಿದಳು, ಬಗ್ಗಿದಳು, ಕಂಪಿಸಿದಳು. ಹತ್ತಿರ ಬಂದು ಮುಟ್ಟದೆ ಹಿಂದೆಗೆದಳು. ನನ್ನ ಸಾಲು ಹಲವು ಸುತ್ತು ಮುಗಿಸಿ ಮತ್ತೊಂದನ್ನು ಆರಂಭಿಸಿದಾಗ, ಜನರ ಸಾಲಿನ ಮುಂಚೂಣಿಯಲ್ಲಿದ್ದ ಹೊರೆಯಾಳುಗಳು ಆಚೆ ದಡವನ್ನು ಹತ್ತಿದ್ದರು. ಅವರ ಹಿಂದೆ ಬರುತ್ತಿದ್ದ ಮುದುಕಿಯೊಬ್ಬಳು ನಿಂತಳು. ಅವಳ ಹಿಂದಿನ ಮದುಮಗ ನಿಂತ. ತೊಟ್ಟಿಲು ಹೊತ್ತವಳು ನಿಂತಳು. ಬೀರು ಹೊತ್ತವರು ಬೀರುವನ್ನು ಹೊಳೆಯ ತಳದಲ್ಲಿ ಇಳಿಸಿ, ಅದಕ್ಕೆ ಒರಗಿ ನಿಂತರು. ಕನ್ನಡಿಯಲ್ಲಿ ಆಕಾಶ ಹೊಳೆಯುತ್ತಿತ್ತು.

ನಡುನಡೆ ಯಾಕೆ ಬೋಳಾಗಿರಬೇಕೆಂದು ನನಗೆ ಆಗ ತಿಳಿಯಿತು.

ಪೌಲಪ್ಪ ಮಾಸ್ತರರ ಕಡೆ ನೋಡಿದೆ. ಅವರ ಬೆರಳುಗಳು ತಂತಿಪೆಟ್ಟಿಗೆಯ ಮೇಲೆ ತಾವಾಗಿ ಓಡಾಡುತ್ತಿದ್ದವು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ದೂಮಣ್ಣನ ಕಡೆ ನೋಡಿದೆ. ಕೆಂಪು ಬಟ್ಟೆಯನ್ನು ಅವನು ಹೆಗಲಿನಿಂದ ಎಳೆದದ್ದು ನಿಜ. ಅರ್ಧ ಎತ್ತಿದ ಕೈ ಅಲ್ಲಿಯೇ ನಿಂತಿತ್ತು, ಬಾಯಿ ತೆರೆದಿತ್ತು. ಆ ಬೆಳಗ್ಗೆ ಇಡೀ ದಡದಲ್ಲಿ ತಬಿತಾಳ ಪಿಟೀಲಿಗೆ ಮೈಮರೆಯದೆ ಇದ್ದವನು ನಾನೊಬ್ಬನೇ ಇರಬೇಕು. ನಾನು ಹಳದಿ ಸೀರೆಯೊಂದನ್ನು ನೋಡುತ್ತಿದ್ದೆ.

ಅದು ನಿಂತದ್ದು ಆಗ.

"ಕೃಪಾ!" ಎಂದು ಕೂಗಿದೆ. ತಡೆದ ನೀರಿನ ಗುಮ್ಮೆನ್ನುವ ಸದ್ದಿನಲ್ಲಿ ನನ್ನ ದನಿ ಕಟ್ಟೆಯನ್ನು ಇಳಿಯಲಿಲ್ಲ. "ತಬಿತಾ, ಕಣ್ಣು ಬಿಡು!" ಎಂದೆ. ಅವಳು ಕಣ್ಣು ಬಿಡಲಿಲ್ಲ. ಹುಬ್ಬು ಗಂಟಿಕ್ಕಿ ಇನ್ನೂ ಒಳಗೆ ಹೋದಳು. ಆನೆಬಂಡೆಯ ಕಿವಿಗಳಂತಿದ್ದ ಎರಡು ಉಬ್ಬುಗಳು ಮುಳುಗಿದವು. ಉಳಿದದ್ದು ನೆತ್ತಿ.

ಎದ್ದು ಓಡಿಬಿಡಬೇಕೆಂದು ಕಾಲು ಹೇಳಿತು. ಓಡಿದರೆ ಚೆಲ್ಲೊ ನಿಲ್ಲುತ್ತದೆ. ಚೆಲ್ಲೊ ನಿಂತರೆ ನಾನು ಅವಳನ್ನು ಮುಟ್ಟುವ ಮೊದಲು ನೀರು ಮುಟ್ಟುತ್ತದೆ. ಉಳಿದ ದಾರಿ ಒಂದೇ: ಈ ಚೆಲುವನ್ನು ಕೆಡಿಸಬೇಕು. ಸಾಲು ಕೆಳಗಿನ ಸ್ವರವನ್ನು ಮುಟ್ಟುವಲ್ಲಿ ನಾನು ಬೆರಳನ್ನು ಬೇಕೆಂದೇ ಜಾರಿಸಿ, ಹಲ್ಲು ಜುಮ್ಮೆನ್ನುವಂಥ ಅಪಸ್ವರವನ್ನು ಎಳೆದೆ. ನೀರಿನ ಗೋಡೆ ಒಮ್ಮೆ ನಡುಗಿತು. ಜನರ ಸಾಲಿನಲ್ಲಿ ಒಂದೆರಡು ತಲೆಗಳು ಅಲುಗಿದವು.

ಆದರೆ ನಾನು ತಬಿತಾಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆ ಅಪಸ್ವರ ಕಿವಿಗೆ ಬಿದ್ದೊಡನೆ ಅವಳ ಕಮಾನು ಅದರ ಮೇಲೆಯೇ ಬಂದು ಕುಳಿತಿತು. ನೋಯುವಂತೆ ಅದಕ್ಕೆ ಒತ್ತಿಕೊಂಡಿತು, ತಡೆಯಿತು, ತಡೆಯಿತು. ಕೊನೆಗೆ ಮೆಲ್ಲನೆ ಒಂದು ಸ್ವರ ಕೆಳಗಿಳಿದು ನನ್ನ ತಪ್ಪನ್ನು ತನ್ನ ಮಡಿಲಿಗೆ ಹಾಕಿಕೊಂಡಿತು. ಅದಕ್ಕಿಂತ ಸುಂದರವಾದದ್ದನ್ನು ನಾನು ನನ್ನ ಬದುಕಿನಲ್ಲಿ ಕೇಳಿರಲಿಲ್ಲ. ಹೊಳೆಯ ತಳದಲ್ಲಿ ಜನರ ಹೆಗಲುಗಳೆಲ್ಲ ಒಟ್ಟಿಗೆ ಒಂದು ನಿಟ್ಟುಸಿರಿಗೆ ಇಳಿದದ್ದು ನನಗೆ ಕಟ್ಟೆಯಿಂದ ಕಂಡಿತು. ಅಲುಗಿದ್ದ ತಲೆಗಳೂ ನಿಂತವು. ಕೃಪಾ ತನ್ನ ಕೈಚೀಲವನ್ನು ಕೆಳಗಿಟ್ಟಳು, ಇನ್ನು ಎಲ್ಲಿಗೂ ಹೋಗಬೇಕಾಗಿಲ್ಲವೆಂಬಂತೆ.

ಬಂಡೆಯ ನೆತ್ತಿ ಅಂಗೈಯಷ್ಟು ಉಳಿದಿತ್ತು.

ಚೆಲ್ಲೊ ಹಿಡಿದವನಿಗೆ ಒಂದೇ ಕಟ್ಟಳೆ: ಸಾಲನ್ನು ಬಿಡಬಾರದು. ನಾನು ಬಿಟ್ಟೆ. ಬೆರಳನ್ನು ಮೇಲಿನ ತಂತಿಗೆ ಏರಿಸಿ, ನನ್ನ ದೊಡ್ಡ ವಾದ್ಯದ ಒಡಕು ದನಿಯಲ್ಲಿ ಕೃಪಾಳ ಬೋಳು ಧಾಟಿಯನ್ನು ನುಡಿಸತೊಡಗಿದೆ. ಒಂದು ಸ್ವರ, ಇನ್ನೊಂದು ಸ್ವರ, ನಡುವೆ ಏನೂ ಇಲ್ಲ. ನಡೆದ ಹಾಗೆ, ನೆಲ ಗುಡಿಸಿದ ಹಾಗೆ. ಈ ಊರಿನ ಜನ ತಾಯಿಯ ಸೊಂಟದ ಮೇಲೆ ಕುಳಿತಿದ್ದಾಗಿನಿಂದಲೂ ಈ ಧಾಟಿಗೆ ಹೊಳೆ ದಾಟಿದವರು. ಮನಸ್ಸು ಪಿಟೀಲಿನಲ್ಲಿದ್ದರೂ ಕಾಲುಗಳಿಗೆ ಇದು ಗೊತ್ತಿತ್ತು. ಮುದುಕಿಯ ಕಾಲು ಎದ್ದಿತು. ಮದುಮಗನದು ಎದ್ದಿತು. ತೊಟ್ಟಿಲು ಮುಂದೆ ಸರಿಯಿತು.

ಸಾಲು ತಪ್ಪಿದ ಹೊಳೆ ಸುಮ್ಮನಿರಲಿಲ್ಲ. ಗೋಡೆಯ ಬುಡದಿಂದ ನೀರು ಸೀಳಿಕೊಂಡು ಹೊರಟು ಕಲ್ಲುಗಳ ನಡುವೆ ಹರಿದುಬಂತು. ಜನರ ಪಾದ ಮುಳುಗಿತು; ಆಮೇಲೆ ಮೀನಖಂಡ. ಕಟ್ಟೆಯ ಪಕ್ಕದಲ್ಲೇ ಯಾರೋ ಕಿರುಚಿದರು. ಆ ಕಿರುಚಿಗೆ ತಬಿತಾ ಕಣ್ಣು ಬಿಟ್ಟಳು.

ಹೊಳೆಯನ್ನು ನೋಡಿದಳು, ನನ್ನನ್ನು ನೋಡಿದಳು. ಅವಳ ಕಮಾನು ಒಂದು ಕ್ಷಣ ತಂತಿಯ ಮೇಲೆಯೇ ಸತ್ತಂತಾಯಿತು. ಆಮೇಲೆ ಅವಳು ತನ್ನ ತೋಟವನ್ನೆಲ್ಲ ಅಲ್ಲಿಯೇ ಬಿಟ್ಟು, ನನ್ನ ಬೋಳು ಧಾಟಿಗೆ ಮೇಲಿನಿಂದ ಬಂದು ಸೇರಿಕೊಂಡಳು.

"ಮಾಮ, ನೀವು ಕೆಳಗೆ ಹೋಗಿ! ನಾನು ಹಿಡಿದಿದ್ದೇನೆ!" ಎಂದು ಕೂಗಿದಳು.

ನಾನು ಮತ್ತೆ ಸಾಲಿಗೆ ಇಳಿದೆ. ಸೋರುವ ನೀರು ತಡೆಯಿತು, ಹಿಂದಕ್ಕೇನೂ ಹೋಗಲಿಲ್ಲ. ಜನ ಈಗ ಓಡುತ್ತಿದ್ದರು. ಹತ್ತಿರವಿದ್ದವರು ಈ ಕಡೆಗೆ, ಆಚೆಗಿದ್ದವರು ಆ ಕಡೆಗೆ. ಕೃಪಾ ಇನ್ನೂ ನಡುವಿನಲ್ಲಿದ್ದಳು. ಮೊಣಕಾಲು ನೀರಿನಲ್ಲಿ ನಿಂತು, ಕತ್ತು ತಿರುಗಿಸಿ, ಕಟ್ಟೆಯನ್ನೇ ನೋಡುತ್ತಿದ್ದಳು. ಹೋಗು, ಎಂದು ನಾನು ಮನಸ್ಸಿನಲ್ಲೇ ಅವಳನ್ನು ಬೇಡಿಕೊಂಡೆ. ಆಚೆ ದಡ ಹತ್ತಿರವಿದೆ, ಅಲ್ಲಿಗೇ ಹೋಗು. ಅವಳು ಹೋಗಬಾರದೆಂದು ಮಳೆಗಾಲವಿಡೀ ಹಂಬಲಿಸಿದವನು ನಾನೇ.

ಆನೆಬಂಡೆ ಮುಳುಗಿತು.

"ಕೊನೆಯ ನಡೆ!" ಎಂದು ಪೌಲಪ್ಪ ಮಾಸ್ತರರು ಎದ್ದು ನಿಂತು ಒದರಿದರು. ಅವರಿಗೂ ಎಚ್ಚರವಾಗಿತ್ತು. "ಎತ್ತಿ ಕಮಾನು! ಈಗಲೇ ಎತ್ತದಿದ್ದರೆ ಒಟ್ಟಿಗೇ ಬರ್ತದೆ!"

ಅದು ನಿಜ. ಕುಣಿತದ ನಡೆ ಹಿಡಿದರೆ ನೀರು ಅಲೆ ಅಲೆಯಾಗಿ ಬರುತ್ತದೆ. ಹಿಡಿಯದಿದ್ದರೆ ಗೋಡೆಯೇ ಮಗುಚಿ ಬೀಳುತ್ತದೆ. ಮೇಳ ಎತ್ತಿತು. ಮೊದಲ ಅಲೆ ಆರ್ಭಟಿಸಿ ಇಳಿಯಿತು, ತುಂತುರು ಎದ್ದು ಹೊಳೆಯೆಲ್ಲ ಬೆಳ್ಳಗಾಯಿತು. ಹಳದಿ ಬಣ್ಣ ಆ ಬಿಳುಪಿನಲ್ಲಿ ಕರಗಿಹೋಯಿತು.

ಅಲ್ಲಿಂದ ಮುಂದಿನದನ್ನು ನಾನು ಕುರುಡನಾಗಿ ನುಡಿಸಿದೆ. ಪ್ರತಿ ಬಾರಿ ಮೇಳ ಹೊಕ್ಕಾಗ ನನ್ನ ಕಮಾನೂ ಹೊಗುತ್ತಿತ್ತು. ನನ್ನ ಕಮಾನಿನ ಎಳೆತಕ್ಕೆ ಸರಿಯಾಗಿ ನೀರು ನುಗ್ಗುತ್ತಿತ್ತು. ಅವಳು ನಿಂತಿದ್ದ ಜಾಗದ ಮೇಲೆ ಅದನ್ನು ನಾನೇ ಸುರಿಯುತ್ತಿದ್ದೆ. ನಿಲ್ಲಿಸುವಂತಿರಲಿಲ್ಲ. ನಡುವೆ ಸಿಗುತ್ತಿದ್ದ ಬಿಡುವು ತಬಿತಾಳದು. ಒಂಟಿ ಪಿಟೀಲಿನ ಪಾಲು ಬಂದಾಗ ಅವಳು ಅದನ್ನು ಬಿಟ್ಟುಕೊಡಲೇ ಇಲ್ಲ. ಹಾಳೆಯಲ್ಲಿ ಬರೆದದ್ದು ಮುಗಿದ ಮೇಲೂ ಕಮಾನನ್ನು ಕುಣಿಸಿದಳು, ಮೇಲಿನಿಂದ ಕೆಳಕ್ಕೆ ಉರುಳಿಸಿದಳು, ಮೇಳ ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು ದಿಕ್ಕಿಗೆ ಓಡಿದಳು. ಅವಳು ಓಡುತ್ತಿದ್ದಷ್ಟು ಹೊತ್ತು ನೀರು ತಡೆಯುತ್ತಿತ್ತು. ತುಂತುರಿನೊಳಗೆ ಕಾಣದ ಜನ ಓಡುತ್ತಿದ್ದರು. ಬೆವರು ಅವಳ ಗಲ್ಲದಿಂದ ಪಿಟೀಲಿನ ಮೇಲೆ ಹನಿಯುತ್ತಿತ್ತು. "ಸಾಕು, ಸಾಕು," ಎಂದು ಮಾಸ್ತರರು ಕೈ ಮಾಡಿದರೂ ಅವಳು ಇನ್ನೊಂದು ಸುತ್ತು ಓಡಿದಳು.

ಕೊನೆಗೆ ಧಾಟಿ ತನ್ನ ಮೊದಲ ಸ್ವರದ ಮನೆಗೆ ಬಂತು. ಹೊಳೆ ದಡದಿಂದ ದಡಕ್ಕೆ ತುಂಬಿ ಹರಿಯಿತು.

ತುಂತುರು ಇಳಿದಾಗ ಆಚೆ ದಡದ ಕಾವಲಿನವನು ಬಿಳಿ ಬಟ್ಟೆ ಬೀಸುತ್ತಿರುವುದು ಕಂಡಿತು. ದೂಮಣ್ಣ ಈಚೆ ದಡದಲ್ಲಿ ತಲೆ ಎಣಿಸುತ್ತಾ ಓಡಿದ, ತಾನೂ ಬಿಳಿ ಬಟ್ಟೆ ಎತ್ತಿದ. "ಎಲ್ಲರೂ ಮೇಲೆ!" ಎಂದು ಅಳುತ್ತಾ ಕೂಗಿದ. "ಬೀರು ಹೋಯ್ತು, ಎರಡು ಮೇಕೆ ಹೋದವು. ಜನ ಎಲ್ಲ ಮೇಲೆ!"

ನಾನು ಕಟ್ಟೆಯ ಅಂಚಿಗೆ ಹೋಗಿ ಆಚೆ ದಡವನ್ನು ನೋಡಿದೆ. ಹಳದಿಯನ್ನು ಹುಡುಕಿದೆ. ಹೊರೆಯಾಳುಗಳು ಕಂಡರು, ಅವರ ಕಾಲ ಬಳಿ ಕಬ್ಬಿಣದ ಪೆಟ್ಟಿಗೆ ಕಂಡಿತು. ಅದರ ಪಕ್ಕದಲ್ಲಿ ನಿಂತಿದ್ದ ಕೃಪಾಳ ಅಕ್ಕನ ಬಿಳಿ ಸೀರೆ ಕಂಡಿತು. ಅವಳೂ ಯಾರನ್ನೋ ಹುಡುಕುವಂತೆ ಅತ್ತಿತ್ತ ತಿರುಗುತ್ತಿದ್ದಳು. ಹಳದಿ ಇರಲಿಲ್ಲ. ದೂಮಣ್ಣನ ಎಣಿಕೆ ತಪ್ಪಿರಬಹುದೆಂದು ಹೊಳೆಯ ಕೆಳದಿಕ್ಕಿಗೆ ಕಣ್ಣು ಹಾಯಿಸಿದೆ.

"ಎಂತ ಹುಡುಕ್ತಿದ್ದೀರಿ?"

ಹಿಂದೆ ತಿರುಗಿದೆ. ಕೃಪಾ ಕಟ್ಟೆಯ ಕೆಳಗೆ ನಿಂತಿದ್ದಳು. ಮೈಯೆಲ್ಲ ನೀರು, ಕೂದಲು ಬಿಚ್ಚಿ ಕೆನ್ನೆಗೆ ಅಂಟಿತ್ತು, ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಕಣ್ಣಿನಲ್ಲಿ ಮಾತ್ರ ಬೆಂಕಿ.

"ಯಾಕೆ ಕೆಡಿಸಿದ್ದು ನೀವು?"

"ಮುಳುಗ್ತಿದ್ದೆ ನೀನು!"

"ಮುಳುಗ್ತಿದ್ದೆ, ಗೊತ್ತುಂಟು. ಬಂಡೆ ನನಗೂ ಕಾಣ್ತಿತ್ತು. ಹೋಗಬೇಕು ಅಂತಲೂ ಗೊತ್ತಿತ್ತು, ಕಾಲ್ಗೆ ಹೇಳ್ತಾನೂ ಇದ್ದೆ. ನಿಮ್ಮ ಆ ಹಾಳು ಸ್ವರ ಬಿತ್ತಲ್ಲ, ಅದನ್ನು ಎತ್ತಿಕೊಂಡು ಇವಳು ಮೇಲೆ ಹೋದ್ಲು. ಅಲ್ಲಿಂದ ಇಳೀತಾ ಇದ್ಲು. ಇನ್ನೇನು ಮುಟ್ಟಬೇಕು, ಅಷ್ಟರಲ್ಲಿ ನಿಮ್ಮ ಗೊಗ್ಗರು ದನಿ!"

"ಅದು ನಿನ್ನ ಧಾಟಿ, ಕೃಪಾ."

"ಗುರುತು ಸಿಕ್ಕಿತು." ಅವಳು ಸೆರಗನ್ನು ಹಿಂಡಿದಳು. ಸಿಟ್ಟು ಇಳಿಯಲಿಲ್ಲ, ಅದರ ಅಡಿಯಲ್ಲಿ ಬೇರೆ ಏನೋ ನಡುಗಿತು. "ಕಾಲು ಎದ್ದದ್ದೂ ಅದಕ್ಕೇ."

"ಆಚೆ ದಡ ಹತ್ತಿರ ಇತ್ತಲ್ಲ."

"ಹತ್ತಿರವೇ ಇತ್ತು."

"ಮತ್ತೆ ಈಚೆಗೆ ಯಾಕೆ ಓಡಿ ಬಂದೆ?"

"ಪಿಟೀಲು ಈಚೆ ಇತ್ತು," ಎಂದಳು ಕೃಪಾ.

ನನಗಾಗಿ ಬಂದೆಯಾ ಎಂಬ ಪ್ರಶ್ನೆ ನನ್ನ ಬಾಯಿಯವರೆಗೆ ಬಂದಿತ್ತು. ಅದನ್ನು ನುಂಗಿಕೊಂಡೆ.

ತಬಿತಾ ಕಟ್ಟೆಯ ಮೂಲೆಯಲ್ಲಿ ಮೊಣಕಾಲಿಗೆ ಮುಖ ಹುದುಗಿಸಿ ಕುಳಿತಿದ್ದಳು. ಕೃಪಾ ಹತ್ತಿ ಹೋಗಿ ಅವಳ ಮುಂದೆ ನಿಂತಳು. ಹುಡುಗಿ ತಲೆ ಎತ್ತಿದಾಗ ಮುಖವೆಲ್ಲ ಬಾತುಹೋಗಿತ್ತು.

"ಚಿಕ್ಕಮ್ಮ, ನೀವು ಹೇಳಿದ್ದಿರಿ. ನಾನು ಕೇಳಲಿಲ್ಲ. ಇನ್ನು ಮೇಲೆ ಬೋಳಾಗಿಯೇ ನುಡಿಸ್ತೇನೆ. ದೇವರಾಣೆ, ಒಂದು ಸ್ವರ ಹೆಚ್ಚಿಗೆ ಹಾಕೋದಿಲ್ಲ."

"ಹಾಗಾದ್ರೆ ನಾನು ತಿರುಗಿ ಬಂದದ್ದು ಯಾಕೆ?"

ತಬಿತಾಳಿಗೆ ಅರ್ಥವಾಗಲಿಲ್ಲ. ಪೌಲಪ್ಪ ಮಾಸ್ತರರು ಏನೋ ಹೇಳಲು ಬಾಯಿ ತೆರೆದರು. ಕೃಪಾ ಅವರತ್ತ ಒಮ್ಮೆ ನೋಡಿದಳು. ಅವರು ತಂತಿಪೆಟ್ಟಿಗೆಯ ಮುಚ್ಚಳವನ್ನು ಒರೆಸತೊಡಗಿದರು.

"ಬೋಳು ಧಾಟಿ ನಾನು ಹೇಳಿಕೊಡ್ತೇನೆ," ಎಂದಳು ಕೃಪಾ, ಹುಡುಗಿಯ ಪಕ್ಕದಲ್ಲಿ ಕುಳಿತು. "ಕೊನೆಯವರ ಕಾಲು ದಡ ಮುಟ್ಟುವವರೆಗೆ ಅದೇ. ಒಂದು ಕೂದಲೆಳೆ ಆಚೀಚೆ ಆಗಬಾರದು. ಬೇಕಾದರೆ ಬೇಸರವಾಗಲಿ ಜನಕ್ಕೆ, ಆಕಳಿಸ್ತಾ ದಾಟಲಿ. ದೂಮಣ್ಣ ಬಿಳಿ ಬಟ್ಟೆ ಎತ್ತಿದ ಮೇಲೆ ಇವರು ಚೆಲ್ಲೊದ ಸಾಲು ಬಿಡೋದು ಬೇಡ, ತಿರುಗಿಸ್ತಾ ಇರಲಿ. ಬಂಡೆಯ ನೆತ್ತಿ ಕಾಣುವಷ್ಟು ಹೊತ್ತು ನಿನ್ನದು. ಇವತ್ತು ಎಲ್ಲಿ ನಿಂತಿತೋ ಅಲ್ಲಿಂದ ಮುಂದೆ ಹೋಗು."

"ಎಲ್ಲರೂ ದಾಟಿ ಹೋದ ಮೇಲೆ ಕೇಳುವವರು ಯಾರು, ಚಿಕ್ಕಮ್ಮ?"

"ನಾನಿಲ್ವಾ?"

ತಬಿತಾ ಅಳುತ್ತಲೇ ನಕ್ಕಳು. ನಾನು ಹತ್ತಿರ ಹೋದೆ. ಸುಮ್ಮನಿರಬೇಕಿತ್ತು, ಇರಲಾಗಲಿಲ್ಲ.

"ಕೃಪಾ, ನಡುನಡೆಯನ್ನು ಕೊನೆಯವರೆಗೆ ಕೂತು ಕೇಳಿದರೆ ಅದರ ಹಿಂದೆಯೇ ಕುಣಿತ ಶುರುವಾಗ್ತದೆ. ದಾಟೋದಕ್ಕೆ ಹೊತ್ತು ಉಳಿಯೋದಿಲ್ಲ. ಮುಂದಿನ ವರ್ಷವೂ ಇಲ್ಲ, ಅದರ ಮುಂದಿನ ವರ್ಷವೂ ಇಲ್ಲ."

ಅವಳು ಉಳಿದ ಒಂದು ಚಪ್ಪಲಿಯನ್ನೂ ಕಳಚಿ, ಒಳಗಿನ ಮರಳನ್ನು ಕಟ್ಟೆಯ ಅಂಚಿಗೆ ಬಡಿದು ಉದುರಿಸಿದಳು. ಆಚೆ ದಡದಲ್ಲಿ ಅವಳ ಅಕ್ಕ ಹಳದಿ ಸೀರೆಯನ್ನು ಗುರುತಿಸಿರಬೇಕು, ಎರಡೂ ಕೈ ಎತ್ತಿ ಬೀಸುತ್ತಿದ್ದಳು. ಕೃಪಾ ತಿರುಗಿ ಕೈ ಬೀಸಿದಳು. ಬಹಳ ಹೊತ್ತು ಬೀಸಿದಳು. ನೀರಿನ ಮೇಲಿನಿಂದ ಮಾತು ದಾಟುವಂತಿರಲಿಲ್ಲ.

"ಅಷ್ಟು ಲೆಕ್ಕ ನನಗೂ ಬರ್ತದೆ," ಎಂದಳು ಕೈ ಇಳಿಸಿ, ನನ್ನ ಮುಖ ನೋಡದೆ. "ಚೆಲ್ಲೊ ಎತ್ತಿಕೊಳ್ಳಿ, ಅಡಿ ಒದ್ದೆಯಾಗ್ತಾ ಉಂಟು."